ಬೀಡಿಯ ಪಾಸುಪುಸ್ತಕ, ಗಂಡನ ಪಿಂಚಣಿ

ದುಡಿದರೆ ಸರಕಾರದ ದುಡ್ಡು ನಿಲ್ಲುತ್ತದೆ ಎಂಬ ಹೆದರಿಕೆ ನಾನು ಬೆಳೆದ ಮಂಗಳೂರಿನ ಜೆಪ್ಪುವಿನ ಬೀಡಿ ಮನೆಗಳಲ್ಲಿ ಬೇರುಬಿಟ್ಟಿತ್ತು. ಅದು ಅರ್ಧ ನಿಜ. ಯಾವ ಅರ್ಧ ಎಂದು ಗೊತ್ತಿಲ್ಲದೆ ಕೈಸುಟ್ಟುಕೊಂಡವರು ನಮ್ಮ ಓಣಿಯಲ್ಲೇ ಇದ್ದರು.

ಅಪ್ಪ ಹೆಂಚಿನ ಕಾರ್ಖಾನೆಯ ಭಟ್ಟಿಯಲ್ಲಿದ್ದವರು. ಬಾಸೆಲ್ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚು ಸುಡತೊಡಗಿದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಎದ್ದ ಹಲವು ಕಾರ್ಖಾನೆಗಳಲ್ಲಿ ಅದೂ ಒಂದು. 1986ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡಾಗ ಅಮ್ಮನಿಗೆ ನಾವು ಮೂವರು ಮಕ್ಕಳು ಮತ್ತು ಮಡಿಲಲ್ಲೊಂದು ಬೀಡಿ ಕಟ್ಟುವ ತಡ್ಪೆ. ಒದ್ದೆ ಎಲೆಯನ್ನು ತಗಡಿನ ಅಳತೆಗಿಟ್ಟು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಪುಡಿ ಉದುರಿಸಿ, ಸುತ್ತಿ, ನೂಲು ಬಿಗಿದು ಬಾಯಿ ಮಡಚುವಾಗ ಅವರ ಕಣ್ಣು ಒಲೆಯ ಮೇಲಿನ ಗಂಜಿಯ ಕಡೆಗಿರುತ್ತಿತ್ತು. ಇಪ್ಪತ್ತೈದರ ಕಟ್ಟು, ಸಾವಿರದ ಲೆಕ್ಕದಲ್ಲಿ ಮಜೂರಿ. ಸಂಜೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಂಟ್ರಾಕ್ಟರು ಎಣಿಸಿ ಪಾಸುಪುಸ್ತಕದಲ್ಲಿ ಬರೆಯುತ್ತಿದ್ದ.

ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಹಳೆಯ ಅಳಿಯಸಂತಾನದ ಮನೆಗಳಲ್ಲಿ ವಿಧವೆಗೆ ತಾಯಿಯ ಕುಟುಂಬದ ಮನೆಯೇ ಆಸರೆ. ಪೇಟೆಯ ಬಾಡಿಗೆ ಕೋಣೆಯವರಿಗೆ ಅದೆಲ್ಲಿಂದ ಬರಬೇಕು?

ಅಪ್ಪನಿಗೆ ಪಿಎಫ್ ಇತ್ತು. ಅದರಡಿ 1971ರ ಮಾರ್ಚಿನಿಂದ ಜಾರಿಗೆ ಬಂದ ಕುಟುಂಬ ಪಿಂಚಣಿಗೆ ಕಾರ್ಮಿಕನ ಪಾಲಿನಿಂದ ಸಂಬಳದ ಶೇ. 1.16, ಧಣಿಯ ಪಾಲಿನಿಂದ ಅಷ್ಟೇ, ಕೇಂದ್ರದಿಂದಲೂ ಅಷ್ಟೇ ಸೇರುತ್ತಿತ್ತು. ಅಪ್ಪನ ದುಡಿಮೆಯಿಂದ ಬಂದ ಹಕ್ಕು ಅದು. ಅಮ್ಮ ಎಷ್ಟು ಬೀಡಿ ಕಟ್ಟಿದರೂ ಒಂದು ಪೈಸೆ ಕಡಿತವಿಲ್ಲ. ಪಿಎಫ್ ಕಚೇರಿಯವರು ಕೇಳುತ್ತಿದ್ದದ್ದು ಎರಡೇ: ಬದುಕಿದ್ದೀರಾ, ಮರುಮದುವೆಯಾಗಿದ್ದೀರಾ. ಎರಡನೆಯದಕ್ಕೆ ಅಮ್ಮ ನಗುತ್ತಿದ್ದರು.

ಆಚೆ ಮನೆಯ ಅಕ್ಕನ ಗಂಡ ಬಂದರಿನಲ್ಲಿ ಮೂಟೆ ಹೊತ್ತವರು. ಪಿಎಫ್ ಇಲ್ಲ. ಅಕ್ಕನಿಗೆ ಉಳಿದದ್ದು ರಾಜ್ಯ ಸರಕಾರ 1984ರಲ್ಲಿ ತಂದ ನಿರ್ಗತಿಕ ವಿಧವಾ ವೇತನ. ಅದಕ್ಕೆ ಆದಾಯದ ಮಿತಿಯುಂಟು. ಬೀಡಿ ಪುಸ್ತಕ ನೋಡಿದರೆ ವೇತನ ಹೋಗುತ್ತದೆಂದು ಯಾರೋ ಹೆದರಿಸಿದರು. ಅಕ್ಕ ತನ್ನ ಬೀಡಿಯನ್ನೆಲ್ಲ ನಾದಿನಿಯ ಪುಸ್ತಕಕ್ಕೆ ಬರೆಸಿದರು. ಪೆಟ್ಟು ಬಿದ್ದದ್ದೇ ಅಲ್ಲಿ. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾಯ್ದೆ ಒಪ್ಪಿತ್ತು. ಅದನ್ನು ಪ್ರಶ್ನಿಸಿ ಮಂಗಳೂರು ಗಣೇಶ ಬೀಡಿಯವರು ಸುಪ್ರೀಂ ಕೋರ್ಟಿನವರೆಗೆ ಹೋದರು; 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿಗೂ ಪಿಎಫ್ ಬಂತು, ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆಂದು 1985ರಲ್ಲಿ ಅದೇ ಕೋರ್ಟು ಹೇಳಿತು. ಆದರೆ ಪುಸ್ತಕದಲ್ಲಿ ಯಾರ ಹೆಸರೋ ಅವರಿಗೇ ಪಿಎಫ್. ತಿಂಗಳ ಪುಡಿಗಾಸು ಉಳಿಸಲು ಹೋದ ಅಕ್ಕನಿಗೆ ಮುಪ್ಪಿನಲ್ಲಿ ಸ್ವಂತ ಪಿಂಚಣಿಯೇ ಇಲ್ಲವಾಯಿತು.

ದುಡಿದರೆ ಕಡಿತ ಎಂಬುದನ್ನು ಸರಕಾರಿ ನೌಕರರ ವಿಧವೆಯರೂ ಕಂಡವರೇ. ಕುಟುಂಬ ಪಿಂಚಣಿ ಪಡೆಯುತ್ತ ತಾವೂ ಕೇಂದ್ರದ ನೌಕರಿಯಲ್ಲಿದ್ದರೆ ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಸಿಗುತ್ತಿರಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟೂ ಅದು ಸರಿಯೆಂದಿತು. 1997ರ ಜುಲೈಯಿಂದ ಕೇಂದ್ರವೇ ಆ ನಿಯಮ ಕೈಬಿಟ್ಟಿತು. ಸಂಘಟನೆಯಿದ್ದವರ ಮಾತು ದೆಹಲಿಗೆ ಕೇಳಿಸುತ್ತದೆ.

ಅಕ್ಕನಂಥವರ ವಿಧವಾ ವೇತನ ಈಗ ತಿಂಗಳಿಗೆ 800 ರೂಪಾಯಿ. ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ಮೀರಬಾರದು, ಅಂದರೆ ತಿಂಗಳಿಗೆ 2,667 ರೂಪಾಯಿ. ಮಕ್ಕಳಿರುವ ವಿಧವೆ ಮಂಗಳೂರಿನಲ್ಲಿ ಅಷ್ಟರಲ್ಲಿ ಬದುಕಬೇಕಾದರೆ ಒಂದೋ ಉಪವಾಸವಿರಬೇಕು, ಇಲ್ಲವೇ ಸುಳ್ಳು ಹೇಳಬೇಕು. ಈ ಮಿತಿ ಏರಲೇಬೇಕು.

ಪಿಎಫ್ ಕಡೆ ಆ ತೊಡಕಿಲ್ಲ. 1995ರ ನವೆಂಬರಿನಿಂದ ಇರುವ ಯೋಜನೆಯಲ್ಲಿ ವಿಧವೆಗೆ ಪಿಂಚಣಿ, ಜೊತೆಗೇ ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ತಲಾ ಅದರ ಕಾಲುಭಾಗದಷ್ಟು. ಗಂಡ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದು, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಪಿಎಫ್ ಕಚೇರಿಗೆ 10-ಡಿ ಅರ್ಜಿ ಹಾಕಿ. ಬೀಡಿಯ ಪುಸ್ತಕ ನಿಮ್ಮ ಹೆಸರಲ್ಲೇ ಇರಲಿ.