ವೈದ್ಯವಿದ್ಯೆಯಲ್ಲಿ ಮನಸ್ಸಿನ ಪಾಠ

ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯವೆಂದು ಮೂರು ವಿಧವಾಗಿ ವಿಭಾಗಿಸಿರುವುದು. ಮಂತ್ರಹೋಮಾದಿಗಳು ಮೊದಲನೆಯದು, ಔಷಧಪಥ್ಯಗಳು ಎರಡನೆಯದು, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಿರುಗಿಸುವುದು ಮೂರನೆಯದು. ಪಾಠಶಾಲೆಯ ದಿನಗಳಲ್ಲಿ ಇದನ್ನೋದಿದಾಗ, ಈ ಮೂರನೆಯದನ್ನು ಶಿಷ್ಯನಿಗೆ ಕಲಿಸುವುದು ಹೇಗೆಂಬ ಪ್ರಶ್ನೆ ನಮಗೆ ಹೊಳೆಯಲಿಲ್ಲ. ನಮ್ಮ ನಾಡಿನಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ವಾಚಕರ ಮುಂದಿಡುವೆನು.

ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಹುಚ್ಚಾಸ್ಪತ್ರೆಯಿದ್ದಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಾಯಿತು. ಆದರೆ ರೋಗಿಗೆ ಗೌರವದ ಹೆಸರು ದೊರೆತ ಮಾತ್ರಕ್ಕೆ ಅವನನ್ನು ಗುಣಪಡಿಸಬಲ್ಲವರು ಹುಟ್ಟಿಬರುವುದಿಲ್ಲವಷ್ಟೆ. 1946ರ ಭೋರ್ ಸಮಿತಿಯು ಈ ಕೊರತೆಯನ್ನು ಎತ್ತಿತೋರಿಸಿತು. ಅನಂತರ 1954ರಲ್ಲಿ ಆ ಆಸ್ಪತ್ರೆಯ ಜೊತೆಯಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರೇ ಅದರ ಪ್ರಥಮ ನಿರ್ದೇಶಕರು. 1955ರಲ್ಲಿ ವೈದ್ಯರಿಗೊಂದು, ಮನಶ್ಶಾಸ್ತ್ರಜ್ಞರಿಗೊಂದು, ಹೀಗೆ ಎರಡು ಡಿಪ್ಲೊಮಾ ತರಗತಿಗಳು ಆರಂಭವಾದುವು. ಮದ್ದು ಕೊಡುವವನೂ ಮಾತಿನಿಂದ ಉಪಚರಿಸುವವನೂ ಒಂದೇ ಅಂಗಳದಲ್ಲಿ ಕಲಿತುದು ಇದರ ವಿಶೇಷ. 1974ರಲ್ಲಿ ಆಸ್ಪತ್ರೆ, ಸಂಸ್ಥೆಗಳೆರಡೂ ಕೂಡಿ ನಿಮ್ಹಾನ್ಸ್ ಆಯಿತು.

ಆದರೆ ರೋಗಿಗಳೆಲ್ಲರೂ ಬೆಂಗಳೂರಿಗೆ ಬರುವರೆ? ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ವೈದ್ಯರು ಕರಾವಳಿಯ ಕೋಟ ಗ್ರಾಮವನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಲ್ಲಿನ ಜನ ವೈದ್ಯ, ಮಂತ್ರವಾದಿ, ಪಾತ್ರಿ ಇವರೆಲ್ಲರ ಬಾಗಿಲಿಗೂ ಹೋಗುವುದನ್ನು ವರ್ಣಿಸಿರುವರು. ಚರಕನ ವಿಭಾಗವನ್ನು ಓದದವರೂ ಅದನ್ನು ಆಚರಿಸುತ್ತಿದ್ದರು! ಮುಂದೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ಈ ವಿದ್ಯೆಯನ್ನು ಕಲಿಸಲಾಯಿತು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಇಷ್ಟಾದರೂ ಎಂ.ಬಿ.ಬಿ.ಎಸ್. ಪರೀಕ್ಷೆಯಲ್ಲಿ ಮನೋವೈದ್ಯಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲ; ಸಾಮಾನ್ಯ ವೈದ್ಯದೊಳಗೇ ಅದು ಅಡಗಿರುವುದು. ಪರೀಕ್ಷೆಗೆ ಬಾರದುದನ್ನು ವಿದ್ಯಾರ್ಥಿಯು ಓದನೆಂಬುದು ಉಪಾಧ್ಯಾಯವೃತ್ತಿಯಲ್ಲಿ ತಲೆ ನರೆಸಿದ ನನಗೆ ಹೊಸ ಮಾತಲ್ಲ. 2019ರ ಪಠ್ಯಕ್ರಮದಲ್ಲಿ ರೋಗಿಯೊಡನೆ ಸಂಭಾಷಿಸುವ ರೀತಿಗೂ ಸ್ಥಾನ ಕೊಟ್ಟಿರುವುದು ಸಮಾಧಾನದ ಸಂಗತಿ.

ನಮ್ಮ ಗೋಣಿಬೀಡಿನಲ್ಲಿ ವೃದ್ಧೆಯೊಬ್ಬಳು ಎದೆಯುರಿ, ನಿದ್ರೆಯಿಲ್ಲವೆಂದು ವರುಷಗಟ್ಟಲೆ ಗುಳಿಗೆ ನುಂಗುತ್ತಿದ್ದಳು. ಒಮ್ಮೆ ಹೊಸದಾಗಿ ಬಂದ ತರುಣ ವೈದ್ಯನು ಚೀಟಿ ಬರೆಯುವ ಮೊದಲು, “ಮನೆಯಲ್ಲಿ ಯಾರಿದ್ದಾರಮ್ಮ?” ಎಂದು ಕೇಳಿದನು. ಆಕೆ ಸೆರಗಿನಿಂದ ಕಣ್ಣೊರಸಿಕೊಂಡು, ತೋಟದ ಕೆಲಸ ಬಿಟ್ಟು ಹೋದ ಮಗನು ಮರಳಿ ಬಾರದ ಕಥೆಯನ್ನು ಮೊದಲ ಬಾರಿಗೆ ಹೇಳಿದಳು. ಮಗನೇನೂ ಬರಲಿಲ್ಲ, ಆದರೆ ಆ ರಾತ್ರಿ ನಿದ್ರೆ ಬಂದಿತೆಂದು ಮರುದಿನ ನನ್ನ ಜಗಲಿಯಲ್ಲಿ ಕುಳಿತು ಹೇಳಿದಳು.

ಸತ್ತ್ವಾವಜಯದ ಮೊದಲ ಪಾಠವು ಇದೇ. ಇದನ್ನು ತಜ್ಞರಿಗೆ ಮಾತ್ರ ಮೀಸಲಿಡದೆ, ವೈದ್ಯನಾಗುವ ಪ್ರತಿಯೊಬ್ಬನಿಗೂ ಕಲಿಸತಕ್ಕದ್ದು.