ಮನೋಚಿಕಿತ್ಸೆಯಲ್ಲಿ ಗೋಪ್ಯತೆ: ಕರ್ನಾಟಕದ ಇತಿಹಾಸ

ಗೋಪ್ಯತೆಯೆಂದರೆ, ಚಿಕಿತ್ಸೆಗೆ ಬಂದವರು ಹೇಳಿಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದೆಂಬ ಕಟ್ಟುಪಾಡು. ಕರ್ನಾಟಕದಲ್ಲಿ ಇದು ಮೊದಲು ವೃತ್ತಿಧರ್ಮವಾಗಿ ಬೆಳೆಯಿತು. ಕಾನೂನಾಗಿ ಬಂದದ್ದು ತಡವಾಗಿ. ಗುಟ್ಟು ರೋಗಿಯದೋ ಮನೆಯವರದೋ ಎಂಬ ತಕರಾರು ನಡುವಿನ ಕಾಲದುದ್ದಕ್ಕೂ ಇತ್ಯರ್ಥವಾಗಲಿಲ್ಲ.

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಾಗಲೂ ಅಲ್ಲಿ ಮಾತಿಗಿಂತ ಕಾವಲಿಗೇ ಹೆಚ್ಚು ಜಾಗವಿತ್ತು. ಮನಶ್ಶಾಸ್ತ್ರ ಬೇರೆ ದಾರಿಯಿಂದ ಬಂತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದರ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ ತರಬೇತಿ ಆರಂಭವಾದ ಮೇಲೆ ಮಾತಿನ ಚಿಕಿತ್ಸೆ ಒಂದು ವೃತ್ತಿಯಾಯಿತು.

ಪಶ್ಚಿಮದ ಮನೋಚಿಕಿತ್ಸೆ ಮುಚ್ಚಿದ ಬಾಗಿಲಿನ ಹಿಂದೆ ಇಬ್ಬರೇ ಕೂರುವುದನ್ನು ನಿಯಮವಾಗಿಸಿಕೊಂಡಿತ್ತು. ಇಲ್ಲಿ ರೋಗಿಯ ಜೊತೆ ಅಮ್ಮ, ಅಣ್ಣ, ಸೋದರಮಾವ ಬರುತ್ತಿದ್ದರು. ಹೊರಗೆ ಕೂರಿ ಎಂದರೆ ಬೇಸರ ಮಾಡಿಕೊಳ್ಳುತ್ತಿದ್ದರು. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಎನ್.ಸಿ. ಸೂರ್ಯ ಮತ್ತು ಜಯರಾಂ 1964ರ ಪ್ರಬಂಧವೊಂದರಲ್ಲಿ, ಭಾರತದ ರೋಗಿ ಒಳಮನಸ್ಸಿನ ವಿಶ್ಲೇಷಣೆಗಿಂತ ನೇರವಾದ ಆಸರೆಯನ್ನು ಬಯಸುತ್ತಾನೆ ಎಂದು ವಾದಿಸಿದರು. ಅಮೃತಸರದಲ್ಲಿ ಮನೋವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡಿದ್ದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಆ ಸಂಸ್ಥೆಯೂ ಕೂಡಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಕೂಡ ಇಡೀ ಕುಟುಂಬವನ್ನೇ ದಾಖಲಿಸಿಕೊಂಡು ಚಿಕಿತ್ಸೆ ನೀಡಿತು. ಇದರಿಂದ ಆದ ಲಾಭ ದೊಡ್ಡದು. ಆದರೆ ಅತ್ತೆಯ ಮುಂದೆ ಬಾಯಿಬಿಡಲಾರದ ಸೊಸೆಗೆ ಇದೇ ಏರ್ಪಾಡು ಕಷ್ಟವಾಗಿದ್ದೀತು. ಅಂಥವರಿಗೆ ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣವಿತ್ತು: 'ಹೆಸರು ಬೇಡ' ಎಂದು ಬರೆದರೆ ಸಾಕು, ಪರಿಹಾರ ಅಚ್ಚಾಗುತ್ತಿತ್ತು.

1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದದ್ದು 1993ರಲ್ಲಿ. ರೋಗಿಯ ಪತ್ರಗಳನ್ನು ತಡೆಹಿಡಿಯಬಾರದು, ತಪಾಸಣೆಗೆ ಬಂದ ಅಧಿಕಾರಿ ಕಡತದ ವಿವರವನ್ನು ಹೊರಹಾಕಬಾರದು ಎಂಬಷ್ಟನ್ನು ಅದು ಹೇಳಿತು. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿದೆ. ಅದೇ ವರ್ಷ ಅಂಗೀಕಾರವಾದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿತು. ಮಾಹಿತಿಯನ್ನು ಯಾರಿಗೆ ತಿಳಿಸಬಹುದೆಂದು ರೋಗಿ ತಾನೇ ಪ್ರತಿನಿಧಿಯನ್ನು ನೇಮಿಸಬಹುದು. ನೇಮಿಸದಿದ್ದರೆ ಆ ಸ್ಥಾನಕ್ಕೆ ಮೊದಲ ಸರದಿ ಸಂಬಂಧಿಕರದು. ಹೀಗೆ ಮುಂಬಾಗಿಲಿನಿಂದ ಹೊರಹೋದ ಕುಟುಂಬ ಹಿತ್ತಿಲಿನಿಂದ ಒಳಬರುತ್ತದೆ.

ಗೋಪ್ಯತೆಗೆ ಮಿತಿಗಳಿವೆ. 1976ರ ಟರಾಸಾಫ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ, ಅಪಾಯದಲ್ಲಿರುವ ಮೂರನೆಯವರನ್ನು ಕಾಪಾಡುವುದು ಚಿಕಿತ್ಸಕರ ಕರ್ತವ್ಯವೆಂದಿತು. ನಮ್ಮ 2017ರ ಕಾಯ್ದೆ ಅಂಥ ಸಂದರ್ಭದಲ್ಲಿ ಅಗತ್ಯವಿರುವಷ್ಟನ್ನು ಮಾತ್ರ ತಿಳಿಸಲು ಅನುಮತಿಸುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ವಕೀಲರಿಗಿರುವಂಥ ರಕ್ಷಣೆ ವೈದ್ಯರಿಗೆ ಸಾಕ್ಷಿಕಟ್ಟೆಯಲ್ಲಿಲ್ಲ. ಜವಾಬ್ದಾರಿಯುಳ್ಳ ಚಿಕಿತ್ಸಕರು ಇದನ್ನೆಲ್ಲ ಮೊದಲ ಭೇಟಿಯಲ್ಲೇ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆದರೆ 'ಆಪ್ತಸಮಾಲೋಚಕ'ರೆಂದು ಫಲಕ ಹಾಕಿಕೊಂಡವರೆಲ್ಲ 2017ರ ಕಾಯ್ದೆ ಹೆಸರಿಸುವ ಮಾನಸಿಕ ಆರೋಗ್ಯ ವೃತ್ತಿಪರರಲ್ಲ. ಬಂದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವವರು ವಿರಳ.

ಕಾನೂನು ಏನೇ ಹೇಳಿದರೂ, ಕೋಲಾರ ತಾಲ್ಲೂಕಿನ ವೇಮಗಲ್‌ನಂಥ ಹೋಬಳಿ ಊರಿನಲ್ಲಿ ಕಡತ ಸೋರುವ ಭಯಕ್ಕಿಂತ ಬಾಗಿಲಲ್ಲಿ ಕಣ್ಣಿಗೆ ಬೀಳುವ ಭಯವೇ ದೊಡ್ಡದು. ತಜ್ಞರನ್ನು ಕಾಣಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಟಮಕದ ವೈದ್ಯಕೀಯ ಕಾಲೇಜಿಗೋ ಹೋದರೆ, ಚೀಟಿ ಮಾಡಿಸುವ ಸಾಲಿನಲ್ಲಿ ಪಕ್ಕದ ಬೀದಿಯವರು ಸಿಗಬಹುದು. ನರಸಾಪುರದ ಕಾರ್ಖಾನೆಗಳಿಗೆ ಬಂದ, ಕನ್ನಡವೂ ತೆಲುಗೂ ಬಾರದ ಕಾರ್ಮಿಕನ ಪರವಾಗಿ ಜೊತೆಗೆ ಬಂದ ಮೇಸ್ತ್ರಿಯೇ ಮಾತಾಡಿದರೆ ಗುಟ್ಟು ಅಲ್ಲಿಗೇ ಮುಗಿಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತದೆ. ಅದು ಸಾಲಿನ ಕಾಟವನ್ನು ತಪ್ಪಿಸಿದೆ; ಬಾಡಿಗೆ ಕೋಣೆಯನ್ನು ನಾಲ್ಕಾರು ಜನ ಹಂಚಿಕೊಂಡವರು ಮಾತ್ರ ಫೋನು ಹಿಡಿದು ಹೊರಗೆ ಜಾಗ ಹುಡುಕಬೇಕು.