ಬಿಗ್ ಸರ್ ಕರಾವಳಿ ರಸ್ತೆ

ಬಿಗ್ ಸರ್ ಕರಾವಳಿ ರಸ್ತೆ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಮೆಲ್ ಮತ್ತು ಸ್ಯಾನ್ ಸಿಮಿಯನ್ ಊರುಗಳ ನಡುವೆ ಪೆಸಿಫಿಕ್ ಸಾಗರದ ಅಂಚಿನಲ್ಲೇ ಸಾಗುವ ಹೆದ್ದಾರಿ, ರಾಜ್ಯ ಹೆದ್ದಾರಿ 1ರ ಅತ್ಯಂತ ರಮಣೀಯ ಭಾಗ. ಒಂದು ಮಗ್ಗುಲಲ್ಲಿ ಸಾಂಟಾ ಲೂಸಿಯಾ ಪರ್ವತಶ್ರೇಣಿ ನೆಟ್ಟಗೆ ಮೇಲೇರುತ್ತದೆ, ಇನ್ನೊಂದರಲ್ಲಿ ಬಂಡೆಗಳು ಕಡಲಿಗೆ ಇಳಿಯುತ್ತವೆ. 5,000 ಅಡಿಗೂ ಎತ್ತರದ ಕೋನ್ ಪೀಕ್ ಶಿಖರಕ್ಕೂ ಸಮುದ್ರಕ್ಕೂ ಇರುವ ಅಂತರ ಕೆಲವೇ ಕಿಲೋಮೀಟರ್.

ಇಂಥ ಕಡಿದಾದ ನೆಲದಲ್ಲಿ ದಾರಿ ಕೊರೆಯುವುದು ಸುಲಭವಿರಲಿಲ್ಲ. 1919ರಲ್ಲಿ ಆರಂಭವಾದ ಕೆಲಸ ಮುಗಿದು ರಸ್ತೆ ತೆರೆದದ್ದು 1937ರಲ್ಲಿ. ಸ್ಯಾನ್ ಕ್ವೆಂಟಿನ್ ಸೆರೆಮನೆಯ ಕೈದಿಗಳೂ ಇಲ್ಲಿ ದುಡಿದರು. ಈ ದಾರಿಯ ಸೊಬಗನ್ನು ಹೊಗಳುವಾಗ ಅವರ ಬೆವರನ್ನು ಮರೆಯುವುದು ನ್ಯಾಯವಲ್ಲ. 1932ರಲ್ಲಿ ಪೂರ್ಣಗೊಂಡ ಬಿಕ್ಸ್‌ಬಿ ಸೇತುವೆ, ಕಣಿವೆಯ ತಳದಿಂದ 260 ಅಡಿಗೂ ಎತ್ತರದಲ್ಲಿ ನಿಂತ ಕಾಂಕ್ರೀಟ್ ಕಮಾನು, ಅಂದಿನ ಎಂಜಿನಿಯರಿಂಗ್‌ನ ಹೆಮ್ಮೆ.

ಕಡಲತೀರದ ಮರಳಿಗೇ ಧುಮುಕುವ ಮೆಕ್‌ವೇ ಜಲಪಾತ, ರೆಡ್‌ವುಡ್ ಮರಗಳ ತೋಪುಗಳು, ಅಳಿವಿನಂಚಿನಿಂದ ಮರಳಿದ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳು ಇಲ್ಲಿನ ಆಕರ್ಷಣೆಗಳು.

ಬೆಟ್ಟ ಮಾತ್ರ ಇನ್ನೂ ನೆಲೆಗೊಂಡಿಲ್ಲ. ಸಡಿಲ, ಬಿರುಕುಬಿಟ್ಟ ಶಿಲೆಗಳೊಳಗೆ ಚಳಿಗಾಲದ ಮಳೆನೀರು ಇಳಿದಾಗ ಇಳಿಜಾರು ಕುಸಿಯುತ್ತದೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡ ಜಾರಿ ರಸ್ತೆ ಹೂತುಹೋಯಿತು. ಮಣ್ಣುರಾಶಿ ಸಮುದ್ರದೊಳಕ್ಕೂ ಚಾಚಿ ಕರಾವಳಿಯ ರೇಖೆಯನ್ನೇ ಬದಲಿಸಿತು. ಸಂಚಾರ ಮರಳಿದ್ದು 2018ರ ಜುಲೈನಲ್ಲಿ. 2021ರಲ್ಲಿ ರ‍್ಯಾಟ್ ಕ್ರೀಕ್‌ನಲ್ಲಿ ರಸ್ತೆಯ ತುಂಡೊಂದು ಕೊಚ್ಚಿಹೋಯಿತು.

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವುದರಿಂದ ಉತ್ತರದಿಂದ ದಕ್ಷಿಣಕ್ಕೆ ಹೋಗುವವರಿಗೆ ಕಡಲು ಪಕ್ಕದಲ್ಲೇ ಸಿಗುತ್ತದೆ. ಮೊಬೈಲ್ ಸಂಪರ್ಕ ಹಲವೆಡೆ ಇಲ್ಲ, ಪೆಟ್ರೋಲ್ ಬಂಕ್‌ಗಳೂ ವಿರಳ. ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು.